ಹಿರಿಯರ ಸ್ನಾನಕ್ಕೆ ಹೊಸ್ತಿಲಿಲ್ಲದ ಶವರ್: ಆಯ್ಕೆಗೆ ಮುನ್ನ ನೋಡಬೇಕಾದದ್ದು

ವಯಸ್ಸಾದವರಿಗೆ ಮನೆಯೊಳಗಿನ ಅತ್ಯಂತ ಅಪಾಯದ ಜಾಗಗಳಲ್ಲಿ ಬಚ್ಚಲುಮನೆಯೂ ಒಂದು. ನೀರು, ಸೋಪು, ನುಣುಪಾದ ನೆಲ, ಹಿಡಿಯಲು ಏನೂ ಇಲ್ಲದ ಗೋಡೆ, ಒಳಗಿನಿಂದ ಹಾಕಿಕೊಂಡ ಚಿಲಕ, ಇವೆಲ್ಲ ಒಟ್ಟಿಗೆ ಸೇರುವುದು ಅಲ್ಲಿಯೇ. ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ 60 ವರ್ಷ ದಾಟಿದವರ ಪಾಲೇ ದೊಡ್ಡದು. ಸವೆದ ಮೂಳೆಯ ಅಜ್ಜಿಯೊಬ್ಬರು ಸೊಂಟದ ಮೂಳೆ ಮುರಿದುಕೊಂಡರೆ ಅವರು ಮತ್ತೆ ಮೊದಲಿನಂತೆ ನಡೆದಾಡುತ್ತಾರೆಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಆದ್ದರಿಂದ ಬಚ್ಚಲಿನ ದುರಸ್ತಿಯನ್ನು ಮೊದಲ ಬಾರಿ ಬಿದ್ದ ಮೇಲೆ ಮಾಡಿಸುವ ಬದಲು, ಬೀಳುವ ಮುನ್ನವೇ ಮಾಡಿಸಬೇಕು.

ಅಂಗಡಿಗೆ ಹೋದರೆ ಮೊದಲು ತೋರಿಸುವುದು ಗಾಜಿನ ಗೂಡು, ಚಾವಣಿಯಿಂದ ಮಳೆಯಂತೆ ಸುರಿಯುವ ಅಗಲದ ಶವರ್, ಹೊಳೆಯುವ ನಲ್ಲಿಗಳು. ಇವುಗಳಲ್ಲಿ ಯಾವುದೂ ಹಿರಿಯರನ್ನು ಬೀಳದಂತೆ ಕಾಯುವುದಿಲ್ಲ. ನಾವು ಹುಡುಕಬೇಕಾದ ಶವರಿಗೆ ನನ್ನ ದೃಷ್ಟಿಯಲ್ಲಿ ಒಂದೇ ಅಳತೆಗೋಲಿದೆ: ಹಿರಿಯರು ಕೋಣೆಯಿಂದ ಹೊರಟು, ಮಿಂದು, ಮೈ ಒರೆಸಿಕೊಂಡು, ಬಟ್ಟೆ ಉಟ್ಟು ಹಿಂದಿರುಗುವವರೆಗೆ, ಒದ್ದೆ ನೆಲದ ಮೇಲೆ ಆಸರೆಯಿಲ್ಲದೆ ಒಂಟಿ ಕಾಲಿನಲ್ಲಿ ನಿಲ್ಲಬೇಕಾದ ಕ್ಷಣ ಒಂದೂ ಇರಬಾರದು. ಹೊಸ್ತಿಲು ದಾಟುವಾಗ, ಪಾದ ಉಜ್ಜಿಕೊಳ್ಳುವಾಗ, ಲಂಗವನ್ನೋ ಪೈಜಾಮವನ್ನೋ ತೊಡುವಾಗ ಬರುವ ಆ ಕ್ಷಣಗಳನ್ನು ಒಂದೊಂದಾಗಿ ಗುರುತಿಸಿ ಇಲ್ಲವಾಗಿಸುವುದೇ ಇಲ್ಲಿನ ಕೆಲಸ.

ಮೊದಲು ಮೀಯುವವರನ್ನು ಗಮನಿಸಿ

ಅಳತೆ ಪಟ್ಟಿ ಹಿಡಿಯುವ ಮೊದಲು, ಅಪ್ಪನೋ ಅಮ್ಮನೋ ಈಗ ಹೇಗೆ ಸ್ನಾನ ಮಾಡುತ್ತಿದ್ದಾರೆಂದು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಬಕೆಟ್ ಮತ್ತು ಚೊಂಬಿನ ಸ್ನಾನವೇ ಒಗ್ಗಿದೆ. ತಲೆಯ ಮೇಲಿನಿಂದ ಒಂದೇ ಸಮನೆ ನೀರು ಬಿದ್ದರೆ ಅವರಿಗೆ ಉಸಿರು ಕಟ್ಟಿದಂತಾಗುತ್ತದೆ. ಕೆಲವರು ತೀರ ತಗ್ಗಾದ ಮಣೆಯ ಮೇಲೆ ಕುಳಿತು ಮೀಯುತ್ತಾರೆ, ಏಳುವಾಗ ನಲ್ಲಿಯನ್ನು ಹಿಡಿದು ಏಳುತ್ತಾರೆ. ನಲ್ಲಿಯ ಮೇಲಿನ ಆ ಹಿಡಿತವೇ ನಮಗೆ ದೊಡ್ಡ ಸುಳಿವು: ಅವರಿಗೆ ಎಲ್ಲಿ ಆಸರೆ ಬೇಕೋ ಅಲ್ಲಿ ಅವರ ಕೈ ತಾನಾಗಿ ಹೋಗುತ್ತಿದೆ. ಬಟ್ಟೆ ನೇತುಹಾಕುವ ಸರಳು, ಕಿಟಕಿಯ ಕಂಬಿ, ಬಾಗಿಲಿನ ಅಂಚು, ಹೀಗೆ ಅವರು ಹಿಡಿಯುವ ಎಲ್ಲ ಜಾಗಗಳನ್ನೂ ಬರೆದಿಟ್ಟುಕೊಳ್ಳಿ.

ಬಳಿಕ ದೇಹಸ್ಥಿತಿಯನ್ನು ನೋಡಬೇಕು. ಪಾರ್ಶ್ವವಾಯುವಾಗಿದ್ದರೆ ಯಾವ ಬದಿಯಲ್ಲಿ ಶಕ್ತಿಯಿದೆ ಎಂಬುದರ ಮೇಲೆ ಹಿಡಿಕೆಗಳ ಜಾಗ ನಿರ್ಧಾರವಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು ನೆಲ ಎಲ್ಲಿದೆ ಎಂಬುದನ್ನು ಕಣ್ಣಿನಿಂದಲೇ ಅಂದಾಜಿಸುತ್ತಿರುತ್ತಾರೆ; ತಲೆಗೆ ಸೀಗೆಕಾಯಿಯನ್ನೋ ಶಾಂಪೂವನ್ನೋ ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಅಂಥವರ ಸಮತೋಲ ತಪ್ಪುತ್ತದೆ. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ಬಿಸಿನೀರಿನಲ್ಲಿ ಮಿಂದು ತಟ್ಟನೆ ಎದ್ದರೆ ತಲೆ ಸುತ್ತು ಬರಬಹುದು, ಏಕೆಂದರೆ ಬಿಸಿಗೆ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿದಿರುತ್ತದೆ. ಇವರೆಲ್ಲರಿಗೂ ಕುಳಿತು ಮೀಯುವ ವ್ಯವಸ್ಥೆ ಅಗತ್ಯ. ಈಗ ಗಟ್ಟಿಯಾಗಿ ನಡೆದಾಡುವವರಿಗೂ ಮುಂದಿನ ಹತ್ತು ವರ್ಷಗಳನ್ನು ಯೋಚಿಸಿಯೇ ಕಟ್ಟಿಸುವುದು ಜಾಣತನ. ಗೋಡೆ ನೆಲಗಳನ್ನು ಎರಡು ಸಲ ಒಡೆಸಲು ಯಾರಿಗೂ ಮನಸ್ಸಿರುವುದಿಲ್ಲ.

“ನನಗಿನ್ನೂ ಕೈಕಾಲು ಗಟ್ಟಿಯಾಗಿದೆ, ಇದೆಲ್ಲ ಯಾಕೆ” ಎಂದು ಹಿರಿಯರು ಹೇಳುವುದು ಸಹಜ. ಆ ಮಾತಿನ ಹಿಂದೆ ಪರಾವಲಂಬನೆಯ ಭಯವಿದೆ. ಇನ್ನೊಬ್ಬರ ನೆರವಿಲ್ಲದೆ, ಬಾಗಿಲು ಮುಚ್ಚಿಕೊಂಡು ತಾವೇ ಮೀಯುವ ಮಾನವನ್ನು ಆದಷ್ಟು ಕಾಲ ಉಳಿಸಿಕೊಡುವುದಕ್ಕಾಗಿಯೇ ಈ ಬದಲಾವಣೆ ಎಂದು ವಿವರಿಸಿ, ಟೈಲ್ಸಿನ ಬಣ್ಣದಿಂದ ಹಿಡಿಕೆಯ ಎತ್ತರದವರೆಗೆ ಅವರ ಅಭಿಪ್ರಾಯವನ್ನು ಕೇಳಿದರೆ ವಿರೋಧ ಬಹುಮಟ್ಟಿಗೆ ಕರಗುತ್ತದೆ.

ನೆಲ, ಇಳಿಜಾರು, ಟೈಲ್ಸ್

ನಮ್ಮ ಮನೆಗಳಲ್ಲಿ ನೀರು ಹೊರಗೆ ಬಾರದಿರಲೆಂದು ಬಚ್ಚಲಿನ ನೆಲವನ್ನು ಕೋಣೆಗಿಂತ ಒಂದೆರಡು ಅಂಗುಲ ಕೆಳಗಿಡುವುದು, ಜೊತೆಗೆ ಒಂದು ಕಲ್ಲಿನ ಹೊಸ್ತಿಲನ್ನೂ ಕೂರಿಸುವುದು ರೂಢಿ. ಪಾದವನ್ನು ಪೂರ್ತಿ ಎತ್ತಲಾರದೆ ಎಳೆದುಕೊಂಡು ನಡೆಯುವ ಹಿರಿಯರು ಎಡವುವುದೇ ಇಲ್ಲಿ. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕಾಗಿ ಇರುವ ಎಡಿಎ ಕಾಯ್ದೆಯ ಮಾನದಂಡಗಳು ಗಾಲಿಕುರ್ಚಿ ಸಾಗುವ ಶವರಿನ ಅಂಚು ಅರ್ಧ ಅಂಗುಲವನ್ನು, ಅಂದರೆ ಸುಮಾರು 13 ಮಿ.ಮೀ.ಯನ್ನು ಮೀರಬಾರದೆಂದು ಹೇಳುತ್ತವೆ. ನಮ್ಮ ಗುರಿ ಅದಕ್ಕಿಂತಲೂ ಕಡಿಮೆ, ಸಾಧ್ಯವಾದರೆ ಸೊನ್ನೆ ಇರಬೇಕು.

ಹೊಸ್ತಿಲಿಲ್ಲದಿದ್ದರೆ ನೀರನ್ನು ತಡೆಯುವ ಕೆಲಸವನ್ನು ಇಳಿಜಾರು ಮಾಡಬೇಕಾಗುತ್ತದೆ. ಒಂದು ಅಡಿಗೆ ಸುಮಾರು 5 ಮಿ.ಮೀ. ಇಳಿತ, ಅಂದರೆ 60ಕ್ಕೆ 1ರ ಪ್ರಮಾಣ, ನೀರು ಹರಿದುಹೋಗಲು ಸಾಕು. 5 ಅಡಿ ಉದ್ದದ ಜಾಗಕ್ಕೆ ಒಟ್ಟು ಇಳಿತ 25 ಮಿ.ಮೀ. ಆಗುತ್ತದೆ. ನೀರು ಬೇಗ ಹೋಗಲೆಂದು ಮೇಸ್ತ್ರಿಗಳು ಇದಕ್ಕಿಂತ ಕಡಿದಾಗಿ ಮಾಡಲು ಹೊರಟರೆ ತಡೆಯಿರಿ, ಏಕೆಂದರೆ ಇಳಿಜಾರು ಹೆಚ್ಚಾದಷ್ಟೂ ನಿಂತವರ ಸಮತೋಲ ತಪ್ಪುತ್ತದೆ, ಗಾಲಿಯ ಕುರ್ಚಿ ತಾನಾಗಿ ಜಾರುತ್ತದೆ. ಮೂಲೆಯ ಒಂದು ಚೌಕ ಜಾಲರಿಗೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡುವ ಹಳೆಯ ಪದ್ಧತಿಯಲ್ಲಿ ನೆಲ ಹಲವು ದಿಕ್ಕಿಗೆ ವಾಲುತ್ತದೆ. ಗೋಡೆಯ ಬುಡದಲ್ಲಿ ಉದ್ದನೆಯ ಪಟ್ಟಿಯಂಥ ಜಾಲರಿ ಹಾಕಿಸಿದರೆ ನೆಲ ಒಂದೇ ದಿಕ್ಕಿಗೆ ವಾಲುತ್ತದೆ, ಕುರ್ಚಿಯ ನಾಲ್ಕು ಕಾಲುಗಳೂ ಸಮವಾಗಿ ಕೂರುತ್ತವೆ. ಜಾಲರಿ ಬೆರಳು ಅಥವಾ ಊರುಗೋಲಿನ ತುದಿ ಸಿಕ್ಕಿಕೊಳ್ಳದಷ್ಟು ಸಣ್ಣ ಕಂಡಿಯದಾಗಿರಲಿ. ಕೂದಲು ಕಟ್ಟಿಕೊಂಡಾಗ ಎತ್ತಿ ತೊಳೆಯಲು ಬರುವಂತಿರಲಿ.

ಅಪಾರ್ಟ್‌ಮೆಂಟಿನಲ್ಲಿ ಇದನ್ನು ಮಾಡಿಸುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಬಚ್ಚಲಿನ ಕೆಳಗೆ ಪೈಪುಗಳಿಗಾಗಿ ತಗ್ಗಿಸಿದ ಸ್ಲ್ಯಾಬ್ ಇದ್ದರೆ ಜಾಲರಿಯ ಆಳಕ್ಕೆ ಜಾಗ ಸಿಗುತ್ತದೆ. ಇಲ್ಲವಾದರೆ ಸ್ಲ್ಯಾಬನ್ನು ಕೆತ್ತಿಸುವಂತಿಲ್ಲ, ಕೋಣೆಯ ಕಡೆಯಿಂದ ಸಣ್ಣ ಇಳಿಜಾರು ಕಟ್ಟಿಸಬೇಕಾಗುತ್ತದೆ. ನೆಲ ಒಡೆದ ಮೇಲೆ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿ, ಜಾಲರಿಯ ಬಾಯಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಚಾವಣಿ ಒಣಗಿಯೇ ಇದೆಯೆಂದು ನೋಡಿದ ನಂತರವೇ ಟೈಲ್ಸ್ ಹಾಕಿಸಬೇಕು. ಹೊಸ್ತಿಲು ತೆಗೆಸಿದ ಬಚ್ಚಲಿನಲ್ಲಿ ಈ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ.

ಟೈಲ್ಸ್ ವಿಷಯದಲ್ಲಿ “ಆಂಟಿ ಸ್ಕಿಡ್” ಎಂಬ ಮಾತೊಂದನ್ನೇ ನಂಬಬಾರದು. ಪೆಟ್ಟಿಗೆಯ ಮೇಲೆ ಆರ್ 9ರಿಂದ ಆರ್ 13ರವರೆಗಿನ ಗುರುತು ಇದ್ದರೆ, ಅದು ಜರ್ಮನಿಯ ಒಂದು ಪರೀಕ್ಷೆಯದು. ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ತೊಟ್ಟು ನಡೆದು ಮಾಡುವ ಪರೀಕ್ಷೆ ಅದು. ಬರಿಗಾಲಿಗಾಗಿ ಬೇರೆಯೇ ಪರೀಕ್ಷೆಯಿದ್ದು, ಅದರಲ್ಲಿ ಎ, ಬಿ, ಸಿ ಎಂಬ ವರ್ಗಗಳಿವೆ; ಶವರ್ ಇರುವ ಜಾಗಕ್ಕೆ ಬಿ ವರ್ಗದ್ದು ಬೇಕು. ಆ ಮಾಹಿತಿ ಅಂಗಡಿಯಲ್ಲಿ ಸಿಗದಿದ್ದರೆ ಒಂದು ಟೈಲ್ಸ್ ತಂದು, ಸೋಪಿನ ನೀರು ಸುರಿದು, ನೀವೇ ಗೋಡೆ ಹಿಡಿದು ಬರಿಗಾಲಿನಲ್ಲಿ ಒತ್ತಿ ನೋಡಬಹುದು. ಅತಿಯಾಗಿ ಒರಟಾದದ್ದೂ ಬೇಡ: ಸಕ್ಕರೆ ಕಾಯಿಲೆಯವರ ನೆನೆದ ಪಾದ ತರಚಿದರೆ ಗಾಯ ಮಾಗುವುದು ಕಷ್ಟ, ಒರಟು ಮೇಲ್ಮೈಯಲ್ಲಿ ಸೋಪಿನ ಜಿಡ್ಡೂ ಬೇಗ ಕೂರುತ್ತದೆ. ಸಣ್ಣ ಅಳತೆಯ, ಹೊಳಪಿಲ್ಲದ ಟೈಲ್ಸ್ ಹಾಕಿಸಿದರೆ ನಡುವಿನ ಸಂದುಗಳೇ ಪಾದಕ್ಕೆ ಹಿಡಿತ ಕೊಡುತ್ತವೆ. ಸಂದುಗಳಿಗೆ ನೀರು ಹೀರದ ಎಪಾಕ್ಸಿ ಎಂಬ ಗಟ್ಟಿ ಅಂಟನ್ನು ತುಂಬಿಸಿದರೆ ಪಾಚಿ ಕಟ್ಟುವುದು ಕಡಿಮೆ. ನೆಲದ ಬಣ್ಣ ಗೋಡೆಯ ಬಣ್ಣಕ್ಕಿಂತ ಸ್ಪಷ್ಟವಾಗಿ ಬೇರೆಯಿರಲಿ. ಕಣ್ಣಿನ ಪೊರೆ ಇರುವವರಿಗೆ ಬಿಳಿ ನೆಲ ಎಲ್ಲಿ ಮುಗಿದು ಬಿಳಿ ಗೋಡೆ ಎಲ್ಲಿ ಶುರುವಾಗುತ್ತದೆಂದು ಕಾಣುವುದಿಲ್ಲ.

ಎಣ್ಣೆ ಸ್ನಾನದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಯುಗಾದಿಗೆ, ನರಕ ಚತುರ್ದಶಿಗೆ ಅಥವಾ ವಾರಕ್ಕೊಮ್ಮೆ ಮೈಗೆ ಎಣ್ಣೆ ಹಚ್ಚಿಸಿಕೊಂಡು ಮೀಯುವ ಅಭ್ಯಾಸ ಇರುವ ಮನೆಗಳಲ್ಲಿ ಎಂಥ ಒಳ್ಳೆಯ ಟೈಲ್ಸ್ ಇದ್ದರೂ ನೆಲ ಜಾರುತ್ತದೆ. ಎಣ್ಣೆಯನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿಯೇ ಹಚ್ಚಿ, ಪಾದದ ಅಡಿಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಇನ್ನೊಬ್ಬರ ಕೈ ಹಿಡಿದು ಒಳಗೆ ಹೋಗುವುದು ಒಳ್ಳೆಯದು. ಸ್ನಾನ ಮುಗಿದ ಮೇಲೆ ಬಿಸಿನೀರು ಮತ್ತು ಸೋಪಿನ ಪುಡಿಯಿಂದ ನೆಲವನ್ನು ಉಜ್ಜದೆ ಬಿಟ್ಟರೆ, ಮರುದಿನ ಎಣ್ಣೆ ಹಚ್ಚಿಕೊಳ್ಳದವರೂ ಜಾರಿ ಬೀಳಬಹುದು.

ಎಷ್ಟು ಜಾಗ, ಎಲ್ಲಿ ಹಿಡಿಕೆ, ಎಂಥ ಆಸನ

ತಾವಾಗಿ ನಡೆದು ಬಂದು ಕುಳಿತು ಮೀಯುವವರಿಗೆ 3 ಅಡಿ ಉದ್ದ, 3 ಅಡಿ ಅಗಲದ ಶವರ್ ಜಾಗ ಸಾಕು. ಗಾಲಿಕುರ್ಚಿಯಲ್ಲಿ ಒಳಗೆ ಬರುವವರಿಗೆ ಕನಿಷ್ಠ 5 ಅಡಿ ಉದ್ದ, ಎರಡೂವರೆ ಅಡಿ ಅಗಲ ಬೇಕು. ಮೀಯಿಸುವವರೊಬ್ಬರು ಪಕ್ಕದಲ್ಲಿ ನಿಲ್ಲುವುದಾದರೆ ಅಗಲ 3 ಅಡಿಗಿಂತ ಕಡಿಮೆಯಿರಬಾರದು. ಸಾಮಾನ್ಯವಾದ 4 ಅಡಿ, 7 ಅಡಿ ಅಳತೆಯ ಬಚ್ಚಲಿನಲ್ಲಿ ಬಾಗಿಲಿನಿಂದ ದೂರದ ತುದಿಯನ್ನು ಪೂರ್ತಿ ಅಗಲಕ್ಕೆ ಒದ್ದೆ ಜಾಗವಾಗಿ ಬಿಟ್ಟು, ಕಮೋಡ್ ಮತ್ತು ವಾಶ್ ಬೇಸಿನ್ ಇರುವ ಭಾಗವನ್ನು ಒಣಗಿಸಿಟ್ಟುಕೊಳ್ಳುವುದು ಉತ್ತಮ.

ಹಿಡಿಕೆ ಅಂದರೆ ಟವೆಲ್ ಹಾಕುವ ಸರಳು ಎಂದು ಭಾವಿಸಬೇಡಿ. ಟವೆಲ್ ಸರಳು ಮೈಭಾರ ಬಿದ್ದ ಕ್ಷಣ ಕಿತ್ತು ಬರುತ್ತದೆ, ಹಿಡಿದವರು ಅದರ ಸಮೇತ ಬೀಳುತ್ತಾರೆ. ಹಿಡಿಕೆ ಕನಿಷ್ಠ 113 ಕೆ.ಜಿ. ಬಲವನ್ನು ತಡೆಯಬೇಕೆಂಬುದು ಎಡಿಎ ನಿಯಮ. ಸರಳಿನ ದಪ್ಪ 32ರಿಂದ 38 ಮಿ.ಮೀ. ಇದ್ದರೆ ಸಂಧಿವಾತದ ಬೆರಳುಗಳಿಗೂ ಮುಷ್ಟಿ ಕಟ್ಟಲು ಬರುತ್ತದೆ. ಗೋಡೆಗೂ ಸರಳಿಗೂ ನಡುವೆ 38 ಮಿ.ಮೀ. ಅಂತರವಿರಲಿ, ಅದಕ್ಕಿಂತ ಹೆಚ್ಚಾದರೆ ಜಾರಿದಾಗ ಮುಂಗೈ ಒಳಗೆ ತೂರಿ ಸಿಕ್ಕಿಕೊಳ್ಳುವ ಅಪಾಯವಿದೆ. ಮೂರು ಜಾಗಗಳಲ್ಲಿ ಹಿಡಿಕೆ ಬೇಕೇ ಬೇಕು: ಒದ್ದೆ ಜಾಗಕ್ಕೆ ಕಾಲಿಡುವಲ್ಲಿ ನೇರವಾಗಿ ನಿಂತ ಒಂದು, ಆಸನದ ಪಕ್ಕದ ಗೋಡೆಗೆ ಅಡ್ಡಲಾಗಿ ಒಂದು, ಕಮೋಡಿನ ಪಕ್ಕದಲ್ಲಿ ಒಂದು. ಅಡ್ಡ ಹಿಡಿಕೆ ನೆಲದಿಂದ 84ರಿಂದ 91 ಸೆಂ.ಮೀ. ಎತ್ತರದಲ್ಲಿರಬೇಕೆಂದು ಮಾನದಂಡ ಹೇಳಿದರೂ, ಗಿಡ್ಡಗಿನ ಅಥವಾ ಬೆನ್ನು ಬಾಗಿದ ಅಜ್ಜಿಯಂದಿರಿಗೆ ಅದು ಎತ್ತರವೇ ಆಗುತ್ತದೆ. ಅವರನ್ನೇ ಒಣ ಬಚ್ಚಲಿನಲ್ಲಿ ಕೂರಿಸಿ, ನಿಲ್ಲಿಸಿ, ಕೈ ಸಹಜವಾಗಿ ಹೋಗುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಅಲ್ಲಿಯೇ ಕೂರಿಸಬೇಕು.

ಹಿಡಿಕೆ ಎಷ್ಟೇ ಗಟ್ಟಿಯಿದ್ದರೂ ಅದು ನಿಂತಿರುವುದು ಗೋಡೆಯ ಮೇಲೆ. ಸುಟ್ಟ ಇಟ್ಟಿಗೆ ಅಥವಾ ಗಟ್ಟಿ ಸಿಮೆಂಟ್ ಬ್ಲಾಕಿನ ಗೋಡೆಗೆ ಉದ್ದನೆಯ ಆಂಕರ್ ಬೋಲ್ಟ್ ಸಾಕಾಗುತ್ತದೆ. ಟೊಳ್ಳು ಬ್ಲಾಕ್ ಮತ್ತು ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಬ್ಲಾಕಿನ ಗೋಡೆಗಳಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ಗು ಬೇಗ ಸಡಿಲಗೊಳ್ಳಬಹುದು; ಅಲ್ಲಿ ರಾಸಾಯನಿಕ ಅಂಟಿನ ಆಂಕರನ್ನೋ, ಗೋಡೆಯ ಆಚೆ ಬದಿಗೂ ತಟ್ಟೆ ಕೊಟ್ಟು ಬಿಗಿಯುವ ಬೋಲ್ಟನ್ನೋ ಬಳಸಬೇಕು. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಉಪ್ಪಿನ ಗಾಳಿಗೆ 304 ದರ್ಜೆಯ ಸ್ಟೀಲೂ ಕಲೆಗಟ್ಟುವುದರಿಂದ 316 ದರ್ಜೆಯದನ್ನು ಕೇಳಿ ಪಡೆಯಿರಿ. ಗಾಳಿ ಹೀರಿಕೊಂಡು ಟೈಲ್ಸಿಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆ. ಅವುಗಳನ್ನು ಮೈಭಾರಕ್ಕೆ ನಂಬಲೇಬಾರದು. ಅವು ಬಿಡುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಆಸನದ ಎತ್ತರ 43ರಿಂದ 48 ಸೆಂ.ಮೀ. ಎಂಬುದು ಸಾಮಾನ್ಯ ಲೆಕ್ಕ. ಕುಳಿತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಹಾಗಿದ್ದರೆ ಮಾತ್ರ ಮಂಡಿನೋವಿರುವವರು ಸುಲಭವಾಗಿ ಏಳಬಲ್ಲರು. ಗೋಡೆಗೆ ಮಡಚುವ ಆಸನ ಜಾಗ ಉಳಿಸುತ್ತದೆ, ಆದರೆ ಅದಕ್ಕೂ ಹಿಡಿಕೆಗೆ ಹೇಳಿದಷ್ಟೇ ಗಟ್ಟಿ ಗೋಡೆ ಬೇಕು. ಗೋಡೆ ದುರ್ಬಲವಾಗಿದ್ದರೆ ಕೈಯಾಸರೆ, ಬೆನ್ನಾಸರೆ ಮತ್ತು ಅಗಲ ರಬ್ಬರ್ ತುದಿಗಳಿರುವ ಅಲ್ಯೂಮಿನಿಯಂ ಸ್ನಾನದ ಕುರ್ಚಿಯೇ ಲೇಸು. ಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿಯನ್ನು ಒಳಗೆ ಹಾಕಿಕೊಡುವ ಅಭ್ಯಾಸ ಅಪಾಯಕಾರಿ: ಒದ್ದೆ ನೆಲದಲ್ಲಿ ಅದರ ಕಾಲುಗಳು ಹೊರಕ್ಕೆ ಹಿಗ್ಗಿ ಜಾರುತ್ತವೆ, ಬಿಸಿಲಿಗೆ ಹಳೆಯದಾದದ್ದು ಮುರಿಯುತ್ತದೆ.

ಬಚ್ಚಲಿನ ಒಣ ಭಾಗದಲ್ಲಿಯೋ ಬಾಗಿಲಿನ ಹೊರಗೋ ಇನ್ನೊಂದು ಕುರ್ಚಿ ಇರಲೇಬೇಕು. ಸ್ನಾನ ಮುಗಿದ ಮೇಲೆ ಒದ್ದೆ ಕಾಲಿನಲ್ಲಿ ನಿಂತು ಒಂದು ಕಾಲೆತ್ತಿ ಬಟ್ಟೆ ತೊಡುವ ಹೊತ್ತಿನಲ್ಲೇ ಆಯ ತಪ್ಪುವುದು ಹೆಚ್ಚು, ಮನೆಯವರು ಬಹಳ ಮಟ್ಟಿಗೆ ಗಮನಿಸದೆ ಬಿಡುವುದೂ ಅದನ್ನೇ. ಕುಳಿತೇ ಮೈ ಒರೆಸಿ, ಕುಳಿತೇ ಬಟ್ಟೆಗೆ ಕಾಲು ತೂರಿಸಿ, ಕೊನೆಗೆ ಹಿಡಿಕೆ ಹಿಡಿದು ಒಮ್ಮೆ ಮಾತ್ರ ಎದ್ದು ಸರಿಪಡಿಸಿಕೊಳ್ಳುವುದನ್ನು ರೂಢಿ ಮಾಡಿಸಿ.

ಬಿಸಿನೀರು

60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. 49 ಡಿಗ್ರಿಯಲ್ಲಿ ಸುಡಲು ನಿಮಿಷಗಳೇ ಬೇಕಾಗುತ್ತವೆ, ಆದರೆ ತೆಳುವಾದ ಮುದಿ ಚರ್ಮಕ್ಕೆ ಅದಕ್ಕಿಂತ ಬೇಗ ಪೆಟ್ಟಾಗುತ್ತದೆ. ಮೀಯಲು ಹಿತವಾದದ್ದು 38ರಿಂದ 40 ಡಿಗ್ರಿ. ಸುಟ್ಟಾಗ ಬೆಚ್ಚಿ ಹಿಂದೆ ಸರಿಯುವುದರಿಂದಲೂ ಬೀಳುತ್ತಾರೆ ಎಂಬುದನ್ನು ನೆನಪಿಡಬೇಕು.

ಬೆಂಗಳೂರು, ಮೈಸೂರುಗಳ ಮಾಳಿಗೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ತೀರ ಸಾಮಾನ್ಯ, ಅದರ ನೀರು ಬಿಸಿಲು ಕಾದ ದಿನ 60 ಡಿಗ್ರಿಯನ್ನೂ ದಾಟುತ್ತದೆ. ಮಾಳಿಗೆಯಿಂದ ಬಚ್ಚಲಿನವರೆಗಿನ ಪೈಪಿನಲ್ಲಿ ನಿಂತಿದ್ದ ತಣ್ಣೀರು ಮೊದಲು ಬರುತ್ತದೆ. ಹಿರಿಯರು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ಶವರಿನ ಕೆಳಗೆ ಕಾಯುತ್ತ ನಿಂತಿರುತ್ತಾರೆ. ಆಮೇಲೆ ಸುಡುನೀರು ಒಮ್ಮೆಲೇ ನುಗ್ಗುತ್ತದೆ. ಇಂಥ ಮನೆಗಳಲ್ಲಿ ಶಾಖವನ್ನು ತಾನೇ ನಿಯಂತ್ರಿಸುವ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸುವುದಕ್ಕೆ ಮಾಡುವ ಖರ್ಚು ಬಹಳ ಸಾರ್ಥಕ. ಅದನ್ನು 38 ಡಿಗ್ರಿಗೆ ನಿಲ್ಲಿಸಿದರೆ ಅದಕ್ಕೆ ಮೀರಿದ ಬಿಸಿ ಹೊರಬರುವುದಿಲ್ಲ, ತಣ್ಣೀರು ನಿಂತುಹೋದರೆ ಬಿಸಿನೀರೂ ನಿಲ್ಲುತ್ತದೆ. ಕೊಳ್ಳುವ ಮುನ್ನ ಎರಡು ವಿಷಯ ವಿಚಾರಿಸಿ. ಇಂಥ ಮಿಕ್ಸರುಗಳಲ್ಲಿ ಕೆಲವಕ್ಕೆ ಸುಮಾರು 1 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಅದು, ಆದರೆ ಒಂದಂತಸ್ತಿನ ಮನೆಯ ಟ್ಯಾಂಕು ಶವರಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು ಅದರ ಮೂರನೇ ಒಂದು ಪಾಲು ಮಾತ್ರ. ಒಂದೋ ಕಡಿಮೆ ಒತ್ತಡದಲ್ಲೂ ನಡೆಯುವ ಮಾದರಿ ಆರಿಸಬೇಕು, ಇಲ್ಲವೇ ಪ್ರೆಶರ್ ಪಂಪ್ ಹಾಕಿಸಬೇಕು. ಬೋರ್‌ವೆಲ್ಲಿನ ಗಡಸು ನೀರು ಬರುವ ಮನೆಗಳಲ್ಲಿ ಒಳಗಿನ ಜಾಲರಿಗೆ ಬಿಳಿ ಸುಣ್ಣ ಕಟ್ಟುವುದರಿಂದ ಅದನ್ನು ಬಿಚ್ಚಿ ತೊಳೆಯಲು ಬರುತ್ತದೆಯೇ ಎಂಬುದನ್ನೂ ಕೇಳಿ.

ಥರ್ಮೋಸ್ಟಾಟಿಕ್ ಮಿಕ್ಸರ್ ಕೈಗೆಟುಕದಿದ್ದರೆ ಗೀಸರಿನ ಗುಂಡಿಯನ್ನು ತಗ್ಗಿಸಿಟ್ಟು, ತಣ್ಣೀರು ಬಿಟ್ಟ ಮೇಲೆಯೇ ಬಿಸಿನೀರು ಬಿಡುವ ಅಭ್ಯಾಸ ಮಾಡಿಸಿ. ಪಾದದ ಸ್ಪರ್ಶ ಕಳೆದುಕೊಂಡವರು ಕಾಲಿನಿಂದ ಬಿಸಿ ನೋಡಬಾರದು. ಅವರ ಮೊಣಕೈಯೋ ಮನೆಯವರ ಕೈಯೋ ನೋಡಲಿ. ವಿದ್ಯುತ್ ಗೀಸರಿನ ಸಾಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಮತ್ತು ಸರಿಯಾದ ಅರ್ಥಿಂಗ್ ಇವೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಇಡಲೇಬಾರದು: ಮುಚ್ಚಿದ ಜಾಗದಲ್ಲಿ ಅದು ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸ್ನಾನಕ್ಕೆಂದು ಹೋದವರು ಕುಸಿದು ಪ್ರಾಣ ಬಿಟ್ಟ ಸುದ್ದಿಗಳು ನಮ್ಮ ಊರುಗಳಿಂದಲೇ ಬರುತ್ತಿವೆ.

ಶವರಿನಲ್ಲಿ ಕೈಯಲ್ಲಿ ಹಿಡಿಯುವ ಹ್ಯಾಂಡ್ ಶವರೇ ಮುಖ್ಯ. ಅದರ ಕೊಳವೆ ಕನಿಷ್ಠ 1.5 ಮೀಟರ್ ಉದ್ದವಿರಲಿ, ನೀರು ನಿಲ್ಲಿಸುವ ಗುಂಡಿ ಹಿಡಿಯ ಮೇಲೆಯೇ ಇರಲಿ, ಕುಳಿತವರಿಗೆ ಎಟುಕುವ ಎತ್ತರದಲ್ಲಿ ಅದನ್ನು ಸಿಕ್ಕಿಸಲು ಕೊಕ್ಕೆಯಿರಲಿ. ತಲೆ ನೆನೆಸದೆ ಮೈಗಷ್ಟೇ ನೀರು ಹಾಕಿಕೊಳ್ಳಲು ಇದರಿಂದ ಸಾಧ್ಯವಾಗುವುದರಿಂದ ಚೊಂಬಿನ ಅಭ್ಯಾಸದವರೂ ಬೇಗ ಹೊಂದಿಕೊಳ್ಳುತ್ತಾರೆ. ಬಕೆಟ್ಟೇ ಬೇಕೆನ್ನುವವರಿಗೆ ಅದನ್ನು ಆಸನದಷ್ಟೇ ಎತ್ತರದ ಗಟ್ಟಿ ಕಟ್ಟೆಯ ಮೇಲೆ ಇಟ್ಟುಕೊಡಿ, ಬಗ್ಗುವುದು ತಪ್ಪುತ್ತದೆ. ತಿರುಗಿಸುವ ದುಂಡು ನಲ್ಲಿಗಿಂತ ಎತ್ತಿ ಇಳಿಸುವ ಉದ್ದ ಹಿಡಿಯ (ಲಿವರ್) ನಲ್ಲಿ ಒಳ್ಳೆಯದು, ಅದನ್ನು ಮೈ ನೆನೆಯುವ ಮುನ್ನವೇ ಹೊರಗಿನಿಂದ ಕೈ ಚಾಚಿ ತೆರೆಯುವಂತೆ ಕೂರಿಸಬೇಕು.

ಬಾಗಿಲು, ಪರದೆ, ಬೆಳಕು

ಒಳಕ್ಕೆ ತೆರೆಯುವ ಬಾಗಿಲನ್ನು ಬದಲಿಸಲೇಬೇಕು. ಬಿದ್ದವರ ದೇಹ ಅಡ್ಡವಾದರೆ ಅದನ್ನು ಹೊರಗಿನಿಂದ ತಳ್ಳಲು ಆಗುವುದಿಲ್ಲ. ಹೊರಕ್ಕೆ ತೆರೆಯುವ ಅಥವಾ ಪಕ್ಕಕ್ಕೆ ಸರಿಯುವ ಬಾಗಿಲು ಹಾಕಿಸಿ. ಕಬ್ಬಿಣದ ಚಿಲಕ ತೆಗೆದು, ತುರ್ತಿನಲ್ಲಿ ಹೊರಗಿನಿಂದ ನಾಣ್ಯದಿಂದ ತಿರುಗಿಸಿ ತೆರೆಯಬಲ್ಲ ಬೀಗ ಕೂರಿಸಿ. ಗಾಲಿಕುರ್ಚಿಯ ಅಗತ್ಯ ಮುಂದೆ ಬಂದೀತೆನಿಸಿದರೆ ಬಾಗಿಲಿನ ತೆರಪು 90 ಸೆಂ.ಮೀ. ಇರುವಂತೆ ಈಗಲೇ ಯೋಚಿಸಿ. ಗಾಜಿನ ಗೋಡೆಗಿಂತ ಭಾರವಾದ ಅಂಚಿನ ಪರದೆಯನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಮೀಯಿಸುವವರಿಗೆ ಕೈ ಚಾಚಲು ಅದು ಅಡ್ಡಿಯಾಗುವುದಿಲ್ಲ, ಗಡಸು ನೀರಿನ ಕಲೆ ಉಜ್ಜುವ ಕೆಲಸವೂ ಇರುವುದಿಲ್ಲ. ಗಾಜೇ ಬೇಕಾದರೆ, ಒಡೆದರೂ ಚೂಪಾದ ದೊಡ್ಡ ಚೂರುಗಳಾಗದ ಟಫನ್ಡ್ ಗಾಜು ಮಾತ್ರ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ನೆಲದಲ್ಲಿ ಬಿದ್ದವರ ಕೈಗೂ ಎಟುಕುವಂತೆ ಕೆಳಗೆ ಅಂಟಿಸಿದ ನೀರು ತಾಗದ ವೈರ್‌ಲೆಸ್ ಬೆಲ್, ಇವೆರಡಕ್ಕೆ ಹೆಚ್ಚು ಹಣ ಬೇಕಿಲ್ಲ.

ಬಾಡಿಗೆ ಮನೆಯವರು ನೆಲ ಒಡೆಸುವಂತಿಲ್ಲ. ಅವರು ಸ್ನಾನದ ಕುರ್ಚಿ, ಹ್ಯಾಂಡ್ ಶವರ್, ಹೊಸ್ತಿಲಿನ ಎರಡೂ ಬದಿಗೆ ರಬ್ಬರಿನ ಇಳಿಜಾರು ತುಂಡು ಮತ್ತು ಮಾಲೀಕರ ಒಪ್ಪಿಗೆ ಪಡೆದು ಕೊರೆಸಿದ ಎರಡು ಹಿಡಿಕೆಗಳಿಂದ ಬಹುಪಾಲು ಅಪಾಯವನ್ನು ತಗ್ಗಿಸಬಹುದು. ರಬ್ಬರ್ ಮ್ಯಾಟ್ ಹಾಸುವುದಾದರೆ ಒಂದು ಮಾತು: ಕೆಳಗೆ ಹೀರುಬಟ್ಟಲುಗಳಿರುವ ಮ್ಯಾಟ್ ನುಣುಪಾದ ನೆಲಕ್ಕೆ ಮಾತ್ರ ಅಂಟುತ್ತದೆ, ಒರಟು ಟೈಲ್ಸಿನ ಮೇಲೆ ಅದೇ ಜಾರುಬಂಡೆಯಾಗುತ್ತದೆ. ಬಾಗಿಲಲ್ಲಿ ಹಾಸಿದ ಹಳೆಯ ಸೀರೆಯ ಕಾಲೊರೆಸು ಇದ್ದರೆ ಇಂದೇ ತೆಗೆದುಬಿಡಿ.

ಕೆಲಸದವರಿಗೆ ಬಾಕಿ ಹಣ ಕೊಡುವ ಮುನ್ನ

ಒಂದು ಬಕೆಟ್ ನೀರನ್ನು ಶವರಿನ ಕೆಳಗೆ ಸುರಿದು, ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲಾದರೂ ನೀರು ನಿಂತಿದ್ದರೆ ಅಥವಾ ಒಣ ಭಾಗದತ್ತ ಹರಿದಿದ್ದರೆ ಇಳಿಜಾರು ತಪ್ಪಿದೆ, ಅದನ್ನು ಸರಿಪಡಿಸಿಯೇ ಹಣ ಕೊಡಬೇಕು. ಮನೆಯಲ್ಲಿ ಹೆಚ್ಚು ತೂಕದವರು ಪ್ರತಿ ಹಿಡಿಕೆಯನ್ನೂ ಪೂರ್ತಿ ಮೈಭಾರ ಹಾಕಿ ಎಳೆದು ನೋಡಲಿ. ಬಳಿಕ ಹಿರಿಯರು ಬಟ್ಟೆ ಉಟ್ಟುಕೊಂಡೇ, ಒಣ ನೆಲದಲ್ಲಿ, ಒಳಗೆ ಬರುವುದರಿಂದ ಹೊರಗಿನ ಕುರ್ಚಿಗೆ ಮರಳುವವರೆಗಿನ ಎಲ್ಲ ಹೆಜ್ಜೆಗಳನ್ನೂ ಒಮ್ಮೆ ಅಭ್ಯಾಸ ಮಾಡಲಿ, ಸೋಪು, ಟವೆಲ್, ನಲ್ಲಿ ಇವು ಕುಳಿತಲ್ಲಿಂದಲೇ ಸಿಗುತ್ತವೆಯೇ ನೋಡಲಿ. ಮೊದಲ ಕೆಲವು ವಾರ ಅವರು ಮೀಯುವಾಗ ಯಾರಾದರೂ ಕೂಗಳತೆಯಲ್ಲಿರಬೇಕು. ಆಮೇಲೆ ಆರು ತಿಂಗಳಿಗೊಮ್ಮೆ ಹಿಡಿಕೆಯ ಬೋಲ್ಟುಗಳನ್ನು ಬಿಗಿ ಮಾಡಿಸಿ, ಕುರ್ಚಿಯ ಸವೆದ ರಬ್ಬರ್ ತುದಿಗಳನ್ನು ಬದಲಿಸಿ, ಜಾಲರಿ ಎತ್ತಿ ತೊಳೆದು, ಮಿಕ್ಸರಿನಿಂದ ಬರುವ ನೀರಿನ ಶಾಖವನ್ನು ಥರ್ಮಾಮೀಟರಿನಲ್ಲಿ ಅಳೆದು ನೋಡಿ.